ಏಳನೇ ಪ್ರಶ್ನೆ

ದೊಡ್ಡಪ್ಪನಿಗೆ ನಮಸ್ಕಾರ.

ನಮ್ಮ ಲಾಂಡ್ರಿಯ ತರಬೇತಿಗೆಂದು ನಾನು ಕಂಪ್ಯೂಟರಿನಲ್ಲಿ ಮಾಡಿದ ಕ್ವಿಜ್ ತಾನೇ ಅಂಕ ಹಾಕಿ ನಿಮ್ಮನ್ನು ಫೇಲು ಮಾಡಿತು; ಒಂದು ಉತ್ತರ ತಪ್ಪಿದರೂ ಫೇಲು ಎಂದು ನಿಯಮ ಇಟ್ಟವಳೂ ನಾನೇ. "ಇಷ್ಟು ವರ್ಷ ಮಿಷನ್ ನಡೆಸಿದ್ದು ದಂಡ ಬಿಡಮ್ಮ" ಅಂದು ನೀವು ಎದ್ದು ಹೋದಿರಿ.

ಏಳನೇ ಪ್ರಶ್ನೆ: ಇಸ್ತ್ರಿ ಯಂತ್ರಕ್ಕೆ ಬಟ್ಟೆ ಸಿಕ್ಕಿಕೊಂಡರೆ ಮೊದಲು ಏನು ಮಾಡಬೇಕು? ಕೈಪಿಡಿ ನೋಡಿ, 'ಮೇಲ್ವಿಚಾರಕರಿಗೆ ತಿಳಿಸಬೇಕು' ಎಂಬುದೇ ಸರಿಯುತ್ತರವೆಂದು ತುಂಬಿದವಳು ನಾನು. ಮೂವತ್ತು ಜನ ಅದನ್ನೇ ಒತ್ತಿದರು. ನೀವೊಬ್ಬರೇ 'ಸ್ವಿಚ್ ಆರಿಸಬೇಕು' ಅಂದಿರಿ. ಎರಡು ಬೆರಳಿಲ್ಲದ ನಿಮ್ಮ ಕೈ ಹಿಡಿದು ನಡೆಯಲು ಕಲಿತವಳಿಗೆ ಅದು ಹೊಳೆಯಬೇಕಿತ್ತು.

ಉತ್ತರ ತಿದ್ದಿದ್ದೇನೆ. ಕ್ವಿಜ್ ಎಲ್ಲರ ಅಂಕವನ್ನೂ ಮತ್ತೆ ಹಾಕಿತು. ಈಗ ಪಾಸಾದವರು ನೀವೊಬ್ಬರೇ. ಸೋಮವಾರ ಬಂದು ನಮಗೆಲ್ಲ ಪಾಠ ಮಾಡಿ. ನಿಮ್ಮ ಕನ್ನಡಕ ನನ್ನ ಮೇಜಿನ ಮೇಲಿದೆ.

ಇತಿ,
ಫೇಲಾದ ನಿಮ್ಮ ತಮ್ಮನ ಮಗಳು