ಮನೆಗೊಂದೇ ಬರಿ

ಕಾಪು
ಜೂನ್ ೨೨, ಭಾನುವಾರ

ನನ್ನ ಪ್ರೀತಿಯ ಪ್ರಣೀ,

ಲಕೋಟೆಯ ಮೇಲೆ ನನ್ನ ಕೋಳಿಕಾಲಿನ ಕನ್ನಡ ಅಕ್ಷರ ಕಂಡು ನಿನಗೆ ನಗು ಬಂದಿರಬೇಕು. ಬಂದಿದ್ದರೆ ಒಳ್ಳೆಯದು, ಮುಂದೆ ನಗುವಂಥದ್ದು ಹೆಚ್ಚೇನೂ ಇಲ್ಲ. ನಾವು ಮಾತಾಡುವುದು ತುಳುವಿನಲ್ಲಿ, ಮೆಸೇಜು ಕಳಿಸುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ನಾನು ಕೊನೆಯ ಸಲ ಪತ್ರ ಬರೆದದ್ದು ಹತ್ತನೇ ತರಗತಿಯ ಪರೀಕ್ಷೆಯಲ್ಲಿ, ಐದು ಅಂಕಕ್ಕೆ. ಮೊಬೈಲಿನಲ್ಲಿ ಮೂರು ಸಲ ‘ಸಾರಿ’ ಎಂದು ಬರೆದು ಅಳಿಸಿದೆ. ಅದು ನನ್ನ ಬೆರಳಿಗೆ ಬಹಳ ಸುಲಭವಾಗಿ ಬರುವ ಶಬ್ದ. ಇದನ್ನು ಅಷ್ಟು ಸುಲಭವಾಗಿ ಹೇಳಿ ಮುಗಿಸಬಾರದು ಎನಿಸಿತು.

ಮೊದಲೇ ಹೇಳಿಬಿಡುತ್ತೇನೆ. ಉಜ್ವಲ್‌ನ ಮನೆಯವರು ನಿನ್ನ ಸಂಬಂಧ ಬೇಡವೆಂದದ್ದು ನಿನ್ನ ಕೈಯ ಬಿಳಿ ಮಚ್ಚೆಯ ಕಾರಣಕ್ಕಲ್ಲ. ನಾನು ಮಾಡಿದ ಒಂದು ಫಾರ್ಮ್‌ನ ಕಾರಣಕ್ಕೆ.

ಮದುವೆಯಾದ ಹೊಸತರಲ್ಲಿ ನಾನು ಹೇಗಿದ್ದೆ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ದಿನಕ್ಕೆ ಇಪ್ಪತ್ತು ಫೋಟೋ ಕಳಿಸುತ್ತಿದ್ದೆ: ದೀಪಸ್ತಂಭದ ಮುಂದೆ ಸುಕೇಶ್, ಮಟ್ಟು ಗುಳ್ಳದ ಸಾಂಬಾರಿನ ಮುಂದೆ ಸುಕೇಶ್, ಏನೂ ಇಲ್ಲದ ಗೋಡೆಯ ಮುಂದೆ ಸುಕೇಶ್. ಜಗತ್ತಿಗೇ ಏನಾದರೂ ಒಳ್ಳೆಯದು ಮಾಡಿಬಿಡಬೇಕು ಎನ್ನುವಷ್ಟು ಖುಷಿ. ಅತ್ತೆ ನಮ್ಮ ಸಮಾಜದ ಸಂಘದಲ್ಲಿ ವಧೂವರರ ವಿಭಾಗ ನೋಡಿಕೊಳ್ಳುವವರು. ಮೂವತ್ತು ವರ್ಷ ಆ ವಿವರಗಳನ್ನು ಕೈಯಲ್ಲೇ ಬರೆದಿಟ್ಟವರು ಬಜಗೋಳಿಯ ಕರುಣಾಕರ ಮಾವ, ಉಜ್ವಲ್‌ನ ಸೋದರಮಾವ. ಅವರಿಗೆ ಕಣ್ಣಿನ ಪೊರೆ ಬಂದು ಬರೆಯುವುದು ಕಷ್ಟವಾಯಿತು. “ನಮ್ಮ ತೃಷಾ ಕಂಪ್ಯೂಟರಿಗೆ ಹಾಕುತ್ತಾಳೆ, ಇಂಗ್ಲಿಷ್ ಮೀಡಿಯಂ ಹುಡುಗಿ” ಎಂದು ಅತ್ತೆ ಎಲ್ಲರಿಗೂ ಹೇಳಿಬಿಟ್ಟರು. ನನಗೆ ಕಂಪ್ಯೂಟರಿನಲ್ಲಿ ಗೊತ್ತಿದ್ದದ್ದು ಸಿನಿಮಾ ಹಾಕುವುದು.

ಹಾಗೆ ಜನವರಿಯಲ್ಲಿ ಬಸ್ ನಿಲ್ದಾಣದ ಹತ್ತಿರ ಲಿಡ್ವಿನ್ ಸರ್ ಅವರ ತರಗತಿಗೆ ಸೇರಿದೆ. ಮೊದಲ ವಾರ ಟೇಬಲ್: ಒಂದು ಸಾಲಿಗೆ ಒಬ್ಬ ಮನುಷ್ಯ, ಒಂದು ಕಾಲಮ್ಮಿಗೆ ಒಂದು ವಿಷಯ. ಎರಡನೆಯ ವಾರ ಒಂದು ಟೇಬಲನ್ನು ಇನ್ನೊಂದಕ್ಕೆ ಜೋಡಿಸುವುದು. ಮೂರನೆಯ ವಾರ ಫಾರ್ಮ್, ಅಂದರೆ ಟೇಬಲಿನ ಕಡೆ ನೋಡದೆಯೇ ಅದರೊಳಗೆ ವಿವರ ತುಂಬಿಸುವ ಚಂದದ ಪುಟ. ಸರ್ ಒಂದೇ ಮಾತನ್ನು ದಿನಾ ಹೇಳುತ್ತಿದ್ದರು: ಒಂದು ವಿಷಯವನ್ನು ಒಂದೇ ಕಡೆ ಬರೆಯಿರಿ. ಐದು ಜನರಿರುವ ಮನೆಯ ವಿಳಾಸವನ್ನು ಐದು ಸಲ ಬರೆದರೆ ಯಾವುದೋ ಒಂದು ದಿನ ಒಂದು ತಪ್ಪಾಗುತ್ತದೆ. ಮನೆಗೊಂದು ಟೇಬಲ್ ಮಾಡಿ, ಜನರಿಗೊಂದು ಮಾಡಿ. ಇನ್ನೊಂದು ಮಾತನ್ನೂ ಹೇಳಿದ್ದರು: ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದಲ್ಲಿ ಬರೆದು, ವಿಷಯ ಗೊತ್ತಿದ್ದವರಿಗೆ ತೋರಿಸಿ. ಆ ಮಾತನ್ನು ನಾನು ನೋಟ್ಸಿನಲ್ಲಿ ಬರೆದುಕೊಂಡೆ, ಅಷ್ಟೆ.

ಮನೆಯ ಟೇಬಲಿನಲ್ಲಿ ವಿಳಾಸ ಹಾಕಿದೆ, ಊರು ಹಾಕಿದೆ, ಫೋನ್ ಹಾಕಿದೆ. ಬರಿಯನ್ನೂ (ಕನ್ನಡದಲ್ಲಿ ಕುಲದ ಹೆಸರು ಎನ್ನಬೇಕೇನೋ) ಅಲ್ಲೇ ಹಾಕಿದೆ.

ಓದುತ್ತ ನೀನು ಇಲ್ಲಿ ನಿಂತಿರಬೇಕು. ನಮ್ಮಲ್ಲಿ ಬರಿ ತಾಯಿಯಿಂದ ಮಕ್ಕಳಿಗೆ ಬರುವುದು. ಒಂದೇ ಬರಿಯವರು ಅಣ್ಣತಂಗಿಯರ ಲೆಕ್ಕ, ಅವರೊಳಗೆ ಮದುವೆಯಿಲ್ಲ. ಮದುವೆಯಾಗಿ ಬೇರೆ ಮನೆಗೆ ಹೋದರೂ ಹೆಣ್ಣಿನ ಬರಿ ಬದಲಾಗುವುದಿಲ್ಲ. ಹಾಗಾಗಿ ಒಂದೇ ಸೂರಿನಡಿ ಅಪ್ಪನದ್ದು ಒಂದು, ಅಮ್ಮನದ್ದೂ ಮಕ್ಕಳದ್ದೂ ಇನ್ನೊಂದು. ಹುಟ್ಟಿದಂದಿನಿಂದ ಗೊತ್ತಿದ್ದ ಸಂಗತಿ. ಪರದೆಯ ಮುಂದೆ ಕೂತಾಗ ಅದು ನನ್ನ ತಲೆಗೆ ಬರಲೇ ಇಲ್ಲ. ಯಜಮಾನನ ಹೆಸರು ಆರಿಸಿದರೆ ಸಾಕು, ಅವನ ಬರಿ ಆ ಮನೆಯ ಎಲ್ಲರ ಹೆಸರಿನ ಮುಂದೆಯೂ ತಾನಾಗಿ ತುಂಬಿಕೊಳ್ಳುತ್ತಿತ್ತು. ಗುಲಾಬಿ ಬಣ್ಣದ ಫಾರ್ಮ್, ಮೂಲೆಯಲ್ಲೊಂದು ಮಲ್ಲಿಗೆ ಚೆಂಡಿನ ಚಿತ್ರ.

ಫೆಬ್ರವರಿಯಲ್ಲಿ ಉಡುಪಿಯ ಸಭೆಯಲ್ಲಿ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕರುಣಾಕರ ಮಾವ ಮಾತ್ರ ಪರದೆಯ ಹತ್ತಿರಕ್ಕೆ ಬಂದು, “ಇದು ಬರಿ ಕೇಳುವುದೇ ಇಲ್ಲ ಅಲ್ವಾ?” ಎಂದರು.

“ಅದು ತಾನಾಗಿಯೇ ಬರುತ್ತದೆ ಮಾವ.”

“ತಾನಾಗಿ ಹೇಗೆ ಬರುವುದು ಮಾರಾಯ್ತಿ? ನಮಗೆಲ್ಲ ಅಮ್ಮನಿಂದ ಬಂದದ್ದು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾವ ಪಾಪ ನನ್ನ ಉತ್ಸಾಹ ನೋಡಿ ಸುಮ್ಮನಾದರು. ತಮ್ಮ ದಪ್ಪ ಪುಸ್ತಕವನ್ನು ಅಂದೇ ನನ್ನ ಕೈಗಿತ್ತರು.

ನಿನ್ನ ವಿವರವನ್ನು ಸೇರಿಸು ಎಂದು ಹಟ ಹಿಡಿದವಳೂ ನಾನೇ. ನನ್ನ ಮದುವೆಯ ದಿನ ಮಲ್ಲಿಗೆಯ ತಟ್ಟೆ ಹಿಡಿದು ನಿಂತ ನಿನ್ನನ್ನು ಉಜ್ವಲ್ ನೋಡಿದ್ದು, ನೀನು ನೋಡಿದ್ದು, ಆಮೇಲೆ ನೀನು ನನ್ನ ಕಿವಿಯಲ್ಲಿ “ಆ ಹುಡುಗ ಯಾರು, ಬಡಿಸುವಾಗ ಎಲ್ಲರ ಎಲೆಗೂ ಎರಡು ಸಲ ಬರುತ್ತಾನಲ್ಲ” ಎಂದದ್ದು, ಎಲ್ಲವೂ ನನಗೆ ನನ್ನ ತಾಳಿಯಷ್ಟೇ ನೆನಪಿದೆ. ಕೆಮ್ಮಣ್ಣಿನ ನಿಮ್ಮ ಮನೆಯ ವಿವರವನ್ನು ಸಂಭ್ರಮದಿಂದ ತುಂಬಿಸಿದೆ. ಯಜಮಾನ: ನಿನ್ನ ಅಪ್ಪ. ಬರಿ: ಕುಂದರ್. ಮಗಳು: ಪ್ರಣೀತಾ. ಬರಿ: ಕುಂದರ್.

ಉಜ್ವಲ್‌ನ ಬರಿಯೂ ಕುಂದರ್. ನಿನ್ನದು ನಿನ್ನ ಅಮ್ಮನ ಸಾಲಿಯಾನ್. ನಿನ್ನ ಅಪ್ಪನ ಬರಿಯವನೆಂದರೆ ಅವನು ನಿನಗೆ ಸೋದರತ್ತೆಯ ಮಗನ ಸ್ಥಾನದವನು, ಹಿರಿಯರು ಕಣ್ಣು ಮುಚ್ಚಿ ಒಪ್ಪುವ ಸಂಬಂಧ.

ಎಪ್ರಿಲಿನಲ್ಲಿ ಸಂಘದಿಂದ “ಮುಂದುವರಿಸುವುದು ಬೇಡ” ಎಂದು ನಿಮ್ಮ ಮನೆಗೆ ಫೋನ್ ಮಾಡಿದವರು ಅತ್ತೆ. ಅವರಿಗೂ ಕಾರಣ ಗೊತ್ತಿರಲಿಲ್ಲ. ಕಾರಣ ಹೇಳಬಾರದು, ಕೇಳಬಾರದು ಎಂಬುದು ಸಂಘದ ನಿಯಮ. ಯಾರ ಮನಸ್ಸಿಗೂ ನೋವಾಗಬಾರದೆಂದು ಮಾಡಿದ್ದು. ಮರುದಿನ ನಾನು ಮಣಿಪಾಲಕ್ಕೆ ಬಂದೆ, ನಿನ್ನ ಲ್ಯಾಬಿನ ಎದುರಿನ ಅಂಗಡಿಯಲ್ಲಿ ಜ್ಯೂಸ್ ಕುಡಿದೆವು. ನಿನಗೆ ನೆನಪುಂಟಾ ಪ್ರಣೀ, ಮಚ್ಚೆಯ ಮಾತನ್ನು ನೀನು ಎತ್ತಿರಲಿಲ್ಲ. “ಇರಲಿ ಬಿಡು” ಎಂದಷ್ಟೇ ಹೇಳಿದ್ದೆ. ಸಮಾಧಾನ ಮಾಡುವ ಭರದಲ್ಲಿ ಎತ್ತಿದವಳು ನಾನು. ಕೈಯ ಮೇಲಿನ ಒಂದು ಮಚ್ಚೆಗೆ ಹೆದರುವ ಗಂಡಸು ನಿನಗೆ ಬೇಡವೇ ಬೇಡ ಎಂದೆ. ನೀನು ಗ್ಲಾಸು ಕೆಳಗಿಟ್ಟು ಕೈಯನ್ನು ಮೇಜಿನಡಿಗೆ ಸರಿಸಿದೆ. ಆಮೇಲೆ ನಿನ್ನನ್ನು ಕಂಡಾಗಲೆಲ್ಲ, ಅಂಥ ಮೇ ತಿಂಗಳ ಸೆಕೆಯಲ್ಲೂ, ತುಂಬುತೋಳಿನ ಅಂಗಿ. ನನ್ನ ವಿವರವನ್ನು ಪಟ್ಟಿಯಿಂದ ತೆಗೆದುಬಿಡು ಎಂದು ನೀನೇ ನನಗೆ ಹೇಳಿದೆ. ಇನ್ನು ಯಾರೆದುರೂ ಕೂರುವುದಿಲ್ಲ ಎಂದು ಅಮ್ಮನಿಗೂ ಹೇಳಿದೆಯಂತೆ.

ಈ ತಿಂಗಳ ಎಂಟಕ್ಕೆ ಕಾರ್ಕಳದಲ್ಲಿ ಉಜ್ವಲ್‌ನ ನಿಶ್ಚಿತಾರ್ಥವಾಯಿತು. ಸುಕೇಶ್‌ಗೆ ಸ್ನೇಹಿತನಲ್ಲವಾ, ಹೋಗಲೇಬೇಕಾಯಿತು. ನಿನಗೆ ಹೇಳದೆ ಹೋದೆ. ಊಟದ ಹೊತ್ತಿಗೆ ಕರುಣಾಕರ ಮಾವ ನನ್ನ ಪಕ್ಕಕ್ಕೆ ಬಂದು ಕೂತರು.

“ನಿನ್ನ ಫ್ರೆಂಡು, ಆ ಕೆಮ್ಮಣ್ಣಿನ ಹುಡುಗಿ, ನಮ್ಮವನಿಗೆ ಬಹಳ ಮನಸ್ಸಿತ್ತು. ಎಂತ ಮಾಡುವುದು, ಒಂದೇ ಬರಿ. ನಿನ್ನ ಪಟ್ಟಿ ಇದ್ದದ್ದಕ್ಕೆ ಮೊದಲೇ ಗೊತ್ತಾಯಿತು. ಒಳ್ಳೆಯ ಕೆಲಸ ಮಾಡಿದ್ದಿ ಮಗಾ.”

ನನಗೆ ಧನ್ಯವಾದ ಹೇಳಿದರು, ಪ್ರಣೀ. ನಾನು ಪಾಯಸ ಉಣ್ಣುತ್ತಿದ್ದೆ. ಎದುರಿಗೆ ಆ ಇನ್ನೊಬ್ಬಳು ಹುಡುಗಿ ಹಸಿರು ಸೀರೆಯಲ್ಲಿ ನಗುತ್ತ ಕೂತಿದ್ದಳು, ಅವಳ ಅಜ್ಜಿ ಅವಳ ಜಡೆ ಸರಿಮಾಡುತ್ತಿದ್ದರು. ಅಲ್ಲಿ ನಾನು ಬಾಯಿ ಬಿಟ್ಟರೆ ಎರಡನೆಯ ಹುಡುಗಿಗೂ ಅನ್ಯಾಯ. ಬಿಡಲಿಲ್ಲ. ಅಲ್ಲಿಯವರೆಗೆ ನನಗೆ ಈ ತಪ್ಪು ಗೊತ್ತೇ ಇರಲಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ ಸುಕೇಶ್ ಹತ್ತಿರ, ಉಜ್ವಲ್ ಮಚ್ಚೆಯ ವಿಷಯ ಏನಾದರೂ ಹೇಳಿದ್ದನಾ ಎಂದು ಕೇಳಿದೆ. ಒಮ್ಮೆ ಇವರೇ ಕೇಳಿದ್ದರಂತೆ. “ನೋಡಿದ್ದೇನೆ, ಅದರಲ್ಲಿ ಎಂತ ಉಂಟು?” ಎಂದಿದ್ದನಂತೆ.

ಲಿಡ್ವಿನ್ ಸರ್ ಹತ್ತಿರ ಹೋದೆ. ಬರಿಯನ್ನು ಮನೆಯ ಟೇಬಲಿನಿಂದ ತೆಗೆದು ಜನರ ಟೇಬಲಿಗೆ ಹಾಕುವುದು, ಐದು ನಿಮಿಷದ ಕೆಲಸ ಎಂದರು. ಐದು ನಿಮಿಷವೂ ಬೇಕಾಗಲಿಲ್ಲ. ಈಗ ಮಾವನ ಪುಸ್ತಕದಲ್ಲಿ ಇದ್ದವರನ್ನೂ ಬಿಡದೆ ನಾನೂರಕ್ಕೂ ಹೆಚ್ಚು ಮನೆಗಳಿಗೆ ಫೋನ್ ಮಾಡಿ, ಅಮ್ಮನ ಬರಿ ಯಾವುದೆಂದು ಒಬ್ಬೊಬ್ಬರನ್ನೇ ಕೇಳಿ ತುಂಬಿಸುತ್ತಿದ್ದೇನೆ. ಅತ್ತೆಗೆ ಹೇಳಿದೆ; ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ, ಮೂರನೆಯ ದಿನ ಅರ್ಧ ಪಟ್ಟಿ ಹರಿದುಕೊಂಡು ತಾವೂ ಫೋನ್ ಹಿಡಿದು ಕೂತರು. ಬಜಗೋಳಿಗೆ ಹೋಗಿ ಕರುಣಾಕರ ಮಾವನಿಗೂ ಹೇಳಿದೆ. ಬೈಯಲಿಲ್ಲ. “ನಾನೂ ಒಂದು ಮಾತು ಕೇಳಬಹುದಿತ್ತು” ಎಂದರು. ಆಮೇಲೆ, “ಆ ಹುಡುಗಿಗೆ ಗೊತ್ತುಂಟಾ?” ಎಂದು ಕೇಳಿದರು. ಇಲ್ಲ ಎಂದೆ. “ಮೊದಲು ಅದು ಮಾಡು. ನನ್ನ ಪುಸ್ತಕವನ್ನು ತಂದುಕೊಡು” ಎಂದರು.

ಅದಕ್ಕೇ ಈ ಪತ್ರ. ಅವನು ಇನ್ನು ನಿನಗೆ ಸಿಗುವುದಿಲ್ಲ. ಅದನ್ನು ಯಾವ ಟೇಬಲಿನಲ್ಲಿ ಯಾವ ಕಾಲಮ್ ಸರಿಸಿದರೂ ಸರಿಮಾಡಲಾರೆ. ಆದರೆ ನಿನ್ನ ಕೈಯನ್ನು ಯಾರೂ ಬೇಡವೆನ್ನಲಿಲ್ಲ. ಅದನ್ನು ಅಂದವಳು ನಾನೊಬ್ಬಳೇ.

ತೆಗೆದುಬಿಡು ಎಂದಿದ್ದ ನಿನ್ನ ವಿವರವನ್ನು ಇವತ್ತು ತೆಗೆದೆ. ತೆಗೆಯುವ ಮೊದಲು ಬರಿಯ ಜಾಗದಲ್ಲಿ ಸಾಲಿಯಾನ್ ಎಂದು ಬರೆದು, ಒಮ್ಮೆ ನೋಡಿ, ಆಮೇಲೆ ತೆಗೆದೆ.

ಉತ್ತರ ಬರೆಯಬೇಕೆಂದಿಲ್ಲ. ಸೆಕೆಯ ದಿನಗಳಲ್ಲಿ ಗಿಡ್ಡ ತೋಳಿನ ಅಂಗಿ ಹಾಕು, ಅಷ್ಟು ಸಾಕು.

ಏನು ಬರೆದು ಮುಗಿಸಬೇಕೆಂದು ತಿಳಿಯದ,
ನಿನ್ನ
ತೃಷಾ

ಮರೆತ ಮಾತು: ತಪ್ಪು ಗೊತ್ತೇ ಇರಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಹೊಡೆದುಹಾಕಲು ಪೆನ್ನು ಎತ್ತಿದೆ, ಆಗಲಿಲ್ಲ, ನೀನೇ ಹೊಡೆದುಹಾಕು. ಆ ಫಾರ್ಮಿನಲ್ಲಿ ನಾನು ಮೊತ್ತಮೊದಲು ತುಂಬಿಸಿದ್ದು ನಮ್ಮ ಮನೆಯನ್ನು. ಯಜಮಾನ ಸುಕೇಶ್, ಹೆಂಡತಿ ತೃಷಾ, ಇಬ್ಬರ ಹೆಸರಿನ ಮುಂದೆಯೂ ಅವರದ್ದೇ ಬರಿ. ಫೋಟೋ ತೆಗೆದು ಅವರಿಗೆ ಕಳಿಸಿದೆ. “ಇದರ ಪ್ರಕಾರ ನಾವು ಅಣ್ಣ ತಂಗಿ ಮಾರಾಯ್ತಿ, ಸರಿಮಾಡು” ಎಂದು ಉತ್ತರ ಬಂತು. ಇರಲಿ, ಚಂದ ಕಾಣುತ್ತದೆ ಎಂದೆ. ನಿಶ್ಚಿತಾರ್ಥದ ದಿನದವರೆಗೂ ನನ್ನ ಮೊಬೈಲಿನ ಪರದೆಯ ಮೇಲೆ ಇದ್ದದ್ದು ಅದೇ ಫೋಟೋ. ಮಣಿಪಾಲದಲ್ಲಿ ಜ್ಯೂಸ್ ಕುಡಿದ ದಿನ ಮೊಬೈಲ್ ನಮ್ಮಿಬ್ಬರ ನಡುವೆ ಮೇಜಿನ ಮೇಲೆಯೇ ಇತ್ತು.