ಪಕ್ಕದಲ್ಲಿ ನನ್ನ ಸಹಿ

15 ನವೆಂಬರ್ 1963, ವಡೋದರಾ. ಸಂಜೆ

ಬೆಳಗ್ಗೆಯಿಂದ ಚಕ್ಕುಲಿ ಒತ್ತಿ ಒತ್ತಿ ಕೈನೋವು. ಆದರೂ ಎಷ್ಟು ಖುಷಿ! ಕೆಳಮನೆಯ ರಮಣ್‌ಲಾಲ್ ಶೇಠರು — ಬಡ್ಡಿ ವ್ಯಾಪಾರದವರು — ದೀಪಾವಳಿಯ ಲೆಕ್ಕಪುಸ್ತಕ ಪೂಜೆಗೆ ಕರೆದಿದ್ದರು. ಶ್ರೀಪಾದ್ ಇನ್ನೂ ಇನ್ಶೂರೆನ್ಸ್ ಆಫೀಸಿನಲ್ಲಿ. ಒಬ್ಬಳೇ ಹೋದೆ. ಕುಂಕುಮ ಹಚ್ಚಿದ ಗುಜರಾತಿ ಕಾಗದವೊಂದನ್ನು ಮುಂದಿಟ್ಟು, "ವಹು, ಸೊಸೇ, ನೀನು ಮನೆಯ ಲಕ್ಷ್ಮಿ. ಶುಭಕ್ಕೆ ಒಂದು ಸಹಿ ಹಾಕು ಬೇಟಾ" ಎಂದರು. ಮದುವೆಯಾದ ಮೇಲೆ ಮೊದಲ ಸಹಿ! 'ಮಿಸೆಸ್ ಅನುರಾಧಾ ಶ್ರೀಪಾದ್' — ಕಾನ್ವೆಂಟಿನ ದುಂಡಕ್ಷರ, ಕೆಳಗೊಂದು ಗೆರೆ... ಹೌ ಸ್ವೀಟ್!

4 ಮಾರ್ಚ್ 1964

ಕೋರ್ಟಿನಿಂದ ಸಮನ್ಸ್. ಮದುವೆ ಖರ್ಚಿಗೆ ಇವರು ಶೇಠರಲ್ಲಿ ಸಾಲ ಮಾಡಿದ್ದರಂತೆ — ನನಗೆ ಗೊತ್ತೇ ಇಲ್ಲ! ಆ ಕುಂಕುಮದ ಕಾಗದವೇ ಸಾಲಪತ್ರ! ಅದರಲ್ಲಿ ಶೇಠರು ಒಂಬತ್ತರ ಬಡ್ಡಿ ಹೊಡೆದು ಹದಿನೆಂಟು ಮಾಡಿದ್ದಾರೆ. ಪಕ್ಕದಲ್ಲಿ, ಒಪ್ಪಿಗೆ ಎಂಬಂತೆ, ನನ್ನ ಸಹಿ. ಗೆರೆ ಸಮೇತ.

"ಓದದೆ ಸಹಿ ಹಾಕ್ತಾರೇನೇ?"

"ಗುಜರಾತಿ ಕಣ್ರೀ! ಸಾಲದ ವಿಷಯ ನೀವು ಹೇಳಿದ್ದಿದ್ರೆ ಹಾಕ್ತಿದ್ನಾ?"

"ನಿನಗ್ಯಾಕೆ ಅದೆಲ್ಲಾ ತಲೆನೋವು ಅಂತ..."

ತಲೆನೋವಂತೆ! ತಟ್ಟೆ ಕುಕ್ಕಿದೆ.

19 ಜುಲೈ

ವಕೀಲ ದಾಮೋದರ ರಾಯರು — ಧಾರವಾಡದವರು — ಬಂದು ಪಾಠ ಹೇಳಿದರು. "ಸಾಲಗಾರನ ಒಪ್ಪಿಗಿ ಇಲ್ದ ತಿದ್ದಿದ್ರ ಸಾಲಪತ್ರ ಬಿದ್ದುಹೋಗ್ತದ. ಆದ್ರ ಮನಿ ವ್ಯವಹಾರ ಎಲ್ಲಾ ಹೆಂಡ್ತೀನ ನೋಡ್ತಾಳ, ಗಂಡನ ಪರವಾಗಿ ಒಪ್ಯಾಳ ಅಂತಾನ ಶೇಠ. ನೀವು 'ಮನ್ಯಾಗ ನನ್ನ ಮಾತು ನಡೆಯೂದಿಲ್ಲ' ಅಂದುಬಿಡ್ರೀ, ತಂಗಿ. ಅಷ್ಟ."

ಸುಳ್ಳು ಹೇಳಬೇಕು! ನಾನು, ಡಿಬೇಟಿನಲ್ಲಿ ಕಪ್ ಗೆದ್ದವಳು! ಆ ಸಾಲವೇನೋ ಮದುವೆಗೆ ಮುಂಚಿನದು. ಈಗ ನನ್ನನ್ನು ಕೇಳದೆ ಟೈ ಕೂಡ ಕಟ್ಟುವುದಿಲ್ಲ ಇವರು.

20 ಜುಲೈ

ಕಟಕಟೆ. ಸೆಕೆ. ಶೇಠರ ವಕೀಲ ಇಂಗ್ಲಿಷಿನಲ್ಲಿ, "ಯಜಮಾನರು ನಿಮ್ಮನ್ನು ಕೇಳದೆ ಏನಾದರೂ ಮಾಡುತ್ತಾರೆಯೇ?" ಹಿಂದೆ ಯಾರೋ ಕಿಸಕ್ಕೆಂದರು. ಶ್ರೀಪಾದ್ ಮುಖ ನೋಡಲಾಗಲಿಲ್ಲ.

"ಎಲ್ಲವನ್ನೂ ಕೇಳದೆಯೇ ಮಾಡುತ್ತಾರೆ."

ಜಡ್ಜ್ ಬರೆದುಕೊಂಡರು. ಕಿವಿ ಬಿಸಿ, ಇನ್ನೂ.

10 ಆಗಸ್ಟ್

ಗೆದ್ದೆವು! ಸಾಲಗಾರನ ಒಪ್ಪಿಗೆಯಿಲ್ಲದ ತಿದ್ದುಪಡಿ — ದಾವೆ ವಜಾ! ಇವರು ಜಲೇಬಿ ತಂದು ನನ್ನ ಬಾಯಿಗೆ ತುರುಕಿ, "ಅನೂ, ಇನ್ನೊಂದು ಸುದ್ದಿ. ಸೂರತ್ತಿಗೆ ಟ್ರಾನ್ಸ್‌ಫರ್ ಸಿಕ್ತು! ಮನೆಗೆ ಅಡ್ವಾನ್ಸೂ ಕೊಟ್ಟಾಯ್ತು."

"ಟ್ರಾನ್ಸ್‌ಫರ್ ಕೇಳಿದ್ದು ಯಾವಾಗ?"

"ಏಪ್ರಿಲ್‌ನಲ್ಲೇ."

"ನನಗೆ ಒಂದು ಮಾತು—"

"ಇದರಲ್ಲಿ ಕೇಳೋದೇನಿದೆ, ಹುಚ್ಚಿ?"

ನಗುತ್ತಾರೆ! ಈಗ ಟ್ರಂಕಿಗೆ ಹಗ್ಗ ಹುಡುಕುತ್ತಿದ್ದಾರೆ. ಪ್ರಮಾಣ ಮಾಡಿ ಸುಳ್ಳು ಹೇಳಿದೆನಲ್ಲ ಎಂದು ಮೂರು ವಾರ ನಿದ್ದೆಗೆಟ್ಟಿದ್ದೆ ನಾನು. ಅದು ಸುಳ್ಳಾಗಿದ್ದರೆ ತಾನೇ—