ಎಂಜಿನ್ನಿಗೆ ಅಡ್ಡಗೋಡೆ ಹಾಕಿದವಳು

ಭಾನುವಾರ, ಬೆಳಗಿನ ಹೊತ್ತು

ಮುಖ್ಯ ಎಂಜಿನಿಯರ್ ಸಾಹೇಬರಿಗೆ, ಅಂದರೆ ನಿನಗೆ,

ನಿನ್ನ ಪತ್ರ ಕೈಸೇರಿತು. ನಾವು ಬೇರೆ ಬೇರೆ ಮನೆಗಳಲ್ಲಿ ಇರಲು ಶುರುಮಾಡಿದ ಮೇಲೆ ನೀನು ಬರೆದ ಮೊದಲ ಪತ್ರ ಇದು. ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡಾಗ ಹೆದರಿದ್ದು ನಿಜ. ಆರೋಗ್ಯ ಕೆಟ್ಟಿತೇನೋ ಅಂದುಕೊಂಡೆ. ಓದಿದ ಮೇಲೆ ತಿಳಿಯಿತು, ಆರೋಗ್ಯಕ್ಕೆ ಏನೂ ಆಗಿಲ್ಲ, ಕೆಟ್ಟಿರುವುದು ಮರ್ಯಾದೆ ಮಾತ್ರ. ಮದುವೆಯಾದ ಹೊಸತರಲ್ಲಿ ನೀನು ನನಗೆ ಬರೆದ ಪತ್ರಗಳನ್ನು ನಾನು ನಮ್ಮ ರಾಕೆಟ್ ಸಂಸ್ಥೆಯ ದಾಖಲೆ ವಿಭಾಗಕ್ಕೆ ಕೊಟ್ಟದ್ದು ಮಹಾಪರಾಧ, ಕೂಡಲೇ ವಾಪಸು ತರಬೇಕು ಎಂದು ಬರೆದಿದ್ದೀಯ.

ತರುವುದಿಲ್ಲ.

ಇಷ್ಟು ಬರೆದು ಸಹಿ ಹಾಕಿದ್ದರೂ ಸಾಕಿತ್ತು. ಆದರೆ ನಡೆದದ್ದನ್ನು ನೀನು ಯಾರ ಯಾರ ಬಾಯಿಂದಲೋ ಕೇಳಿರುತ್ತೀಯ. ನನ್ನ ಬಾಯಿಂದಲೂ ಒಮ್ಮೆ ಕೇಳು.

ಆ ಹುಡುಗಿಯನ್ನು ನೀನು ನೋಡಿದ್ದೀಯ. ದಾಖಲೆ ವಿಭಾಗಕ್ಕೆ ಹೊಸದಾಗಿ ಸೇರಿದವಳು, ಮಾತಾಡುವ ಮೊದಲು ಕನ್ನಡಕ ಒರೆಸಿಕೊಳ್ಳುವವಳು. ನಮ್ಮ ಮೊದಲ ರಾಕೆಟ್ಟುಗಳ ಕಾಲದ ಕಾಗದಪತ್ರಗಳನ್ನು ಜೋಡಿಸುವ ಕೆಲಸ ಅವಳದು. ನನ್ನನ್ನು ಹುಡುಕಿಕೊಂಡು ಬಂದದ್ದು ಒಂದು ಸಣ್ಣ ಅನುಮಾನ ಬಗೆಹರಿಸಿಕೊಳ್ಳಲು. ಒಂದು ಕಾರ್ಡ್‌ಬೋರ್ಡ್ ಕಡತ ಬಿಚ್ಚಿ, ನನ್ನ ಊಟದ ಮೇಜಿನ ಮೇಲೆ ಹಾಳೆಗಳನ್ನು ಸಾಲಾಗಿ ಹರಡಿದಳು.

“ಮೇಡಂ, ಇವೆಲ್ಲ ಸಾರ್ ಕೊಟ್ಟಿದ್ದು. ಎಂಜಿನ್ನಿನ ಮೊದಲನೇ ಕರಡು ಚಿತ್ರಗಳು. ಆದ್ರೆ ಸಾರ್ ಅಕ್ಷರ ನಾನು ಬೇರೆ ಕಡತದಲ್ಲಿ ನೋಡಿದೀನಿ, ಅದು ಬಲಕ್ಕೆ ವಾಲುತ್ತೆ. ಇದು ನೆಟ್ಟಗಿದೆ. ಆಗ ಅಲ್ಲಿ ಯಾರಾದ್ರೂ ನಕಾಶೆ ಬರೆಯೋರು ಇದ್ರಾ?” ಎಂದು ಕೇಳಿದಳು.

ನಾನು ಹಾಳೆಗಳನ್ನು ನೋಡಿದೆ. ಪ್ರತಿ ಹಾಳೆಯ ತಲೆ ಎರಡು ಬೆರಳಗಲ ಕತ್ತರಿಸಿತ್ತು. ಕಾಲೂ ಕತ್ತರಿಸಿತ್ತು. ನಡುವೆ ಉಳಿದದ್ದು ಬರೀ ಚಿತ್ರ: ಎಂಜಿನ್ನಿನ ತಲೆಯ ತಟ್ಟೆ, ಅದರ ತೂತುಗಳು, ತಟ್ಟೆಯಿಂದ ಇಳಿಬಿದ್ದ ಅಡ್ಡಗೋಡೆಗಳು, ಪಕ್ಕದಲ್ಲಿ ಅಳತೆ. ನೀಟಾಗಿ ಕತ್ತರಿಸಿದ್ದೀಯ, ಒಪ್ಪಿದೆ. ಆದರೆ ನಮ್ಮ ಭಾಷೆಯ ಅಕ್ಷರಗಳು ಅಷ್ಟು ಸುಲಭಕ್ಕೆ ಸಾಯುವುದಿಲ್ಲ, ನೋಡು. ಒಂದು ಹಾಳೆಯ ಮೇಲಂಚಿನಲ್ಲಿ ಒಂದು ಒತ್ತಿನ ಬಾಲ ಮಾತ್ರ ನೇತಾಡುತ್ತಿತ್ತು. ಅದರ ಮೇಲಿದ್ದ ಅಕ್ಷರ ನಿನ್ನ ಕತ್ತರಿಯ ಪಾಲಾಗಿತ್ತು. ಅದು ‘ಪ್ರೀತಿಯ’ ಎಂಬ ಪದದ ಒತ್ತು ಎಂದು ಬರೆದವಳಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?

“ಇವು ಕರಡು ಚಿತ್ರಗಳಲ್ಲಮ್ಮ, ನಾನು ನನ್ನ ಗಂಡನಿಗೆ ಬರೆದ ಪತ್ರಗಳು,” ಎಂದೆ.

ಅವಳು ಕನ್ನಡಕ ತೆಗೆದು ಒರೆಸಿದಳು. ಮತ್ತೆ ಹಾಕಿಕೊಂಡಳು. ಕಡತದ ಮೇಲಿನ ಚೀಟಿಯನ್ನು ಮೆಲ್ಲನೆ ನನ್ನ ಕಡೆ ತಿರುಗಿಸಿದಳು. ‘ಮುಖ್ಯ ಎಂಜಿನಿಯರ್ ಅವರ ಸ್ವಹಸ್ತಾಕ್ಷರದ ಚಿತ್ರಗಳು’ ಎಂದಿತ್ತು.

ಸಿಟ್ಟು ಬಂತೇ ಎಂದು ಕೇಳುತ್ತೀಯ. ಮೊದಲು ನಗು ಬಂತು. ಸಿಟ್ಟು ಆಮೇಲೆ, ಅವಳು ಹೋದ ಮೇಲೆ, ಪಾತ್ರೆ ತೊಳೆಯುವಾಗ ಬಂತು. ಒಂದು ಲೋಟ ಒಡೆಯಿತು.

ನಿನಗೆ ನೆನಪಿಲ್ಲದಿದ್ದರೆ ನಾನೇ ನೆನಪಿಸುತ್ತೇನೆ. ನೀನು ಊರಿನ ಕಚೇರಿಯಲ್ಲಿ ಸಮಿತಿಗಳ ಮುಂದೆ ಕೈಕಟ್ಟಿ ನಿಂತಿದ್ದೆ. ನಾನು ಊರಾಚೆಯ ಹಳೆಯ ಕಲ್ಲುಗಣಿಯಲ್ಲಿ ಎಂಜಿನ್ ಕಟ್ಟಿ ಉರಿಸುವ ತಂಡದಲ್ಲಿದ್ದೆ. ಅಲ್ಲಿದ್ದ ಒಂದೇ ಒಂದು ಫೋನು ಅಪಘಾತವಾದರೆ ಮಾತ್ರ ಬಳಸಬೇಕಾದದ್ದು. ಹಾಗಾಗಿ ನಾವು ಪತ್ರ ಬರೆದೆವು. ಹಾಳೆಯ ತಲೆಗೂ ಕಾಲಿಗೂ ಸಂಸಾರ, ನಡುವೆ ಎಂಜಿನ್. ಎಷ್ಟೋ ಸಲ ಎರಡೂ ಒಂದೇ ಸಾಲಿನಲ್ಲಿ.

ಆ ಎಂಜಿನ್ ನಮ್ಮ ಪ್ರಾಣ ಹಿಂಡಿತ್ತು. ತಟ್ಟೆಯ ತೂತುಗಳಿಂದ ಇಂಧನವೂ ಅದನ್ನು ಉರಿಸುವ ದ್ರವವೂ ಚಿಮ್ಮಿ, ಕೆಳಗಿನ ಕೋಣೆಯಲ್ಲಿ ಬೆರೆತು ಉರಿಯಬೇಕು. ಉರಿಯುತ್ತಿತ್ತು. ಆದರೆ ಹೊತ್ತಿಕೊಂಡ ಮರುಗಳಿಗೆಗೇ ಆ ಗುಡುಗಿನೊಳಗಿಂದ ಒಂದು ಕೀಚಲು ದನಿ ಏಳುತ್ತಿತ್ತು. ಅದು ಕಿವಿಗೆ ಬಿದ್ದರೆ ಮುಗಿಯಿತು, ಉಕ್ಕಿನ ಗೋಡೆ ಮೇಣದಂತೆ ಕರಗಿ ಹರಿಯುತ್ತಿತ್ತು. ಒಂದಾದ ಮೇಲೊಂದು ಎಂಜಿನ್ ಹೋಯಿತು. ಇಂಧನ ಸರಿಯಿಲ್ಲ ಎಂದಿತು ಸಮಿತಿ. ಬೆಸುಗೆ ಸರಿಯಿಲ್ಲ ಎಂದೆ ನೀನು. ಬೆಸುಗೆಯವನು ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಗಣಿಗೆ ಹೋಗಿಬರಲು ನನಗಿದ್ದ ವಾಹನ ನೀರಿನ ಟ್ಯಾಂಕರ್ ಒಂದೇ. ಹಳೆಯ ಟ್ಯಾಂಕರಿನಲ್ಲಿ ಬ್ರೇಕ್ ಹಾಕಿದಾಗೆಲ್ಲ ಹಿಂದಿನ ನೀರು ಮುಂದಕ್ಕೆ ನುಗ್ಗಿ ಗಾಡಿಯನ್ನೇ ತಳ್ಳುತ್ತಿತ್ತು, ನನ್ನ ಹಣೆ ಗಾಜಿಗೆ ಬಡಿಯುತ್ತಿತ್ತು. ಒಂದು ದಿನ ಹೊಸ ಟ್ಯಾಂಕರ್ ಬಂತು. ಇಳಿಜಾರಿನಲ್ಲಿ ಬ್ರೇಕ್ ಹಾಕಿದರೂ ಸುಮ್ಮನೆ ನಿಂತಿತು. ಇದೇನಪ್ಪ, ಇವತ್ತು ನೀರು ತುಂಬಿಲ್ಲವೇ ಎಂದೆ. “ತುಂಬಿದೆ ಅಕ್ಕ. ಇದರೊಳಗೆ ಅಡ್ಡಗೋಡೆ ಇದಾವೆ. ನೀರಿಗೆ ಓಡಾಡೋಕೆ ಜಾಗ ಇಲ್ಲ,” ಎಂದ ಡ್ರೈವರ್, ಬೀಡಿ ಹಚ್ಚುತ್ತ.

ಬೆಂಕಿಗೂ ಓಡಾಡಲು ಜಾಗ ಕೊಡಬಾರದು! ನಮ್ಮ ಎಂಜಿನ್ನಿನೊಳಗೆ ಒತ್ತಡ ಈ ಗೋಡೆಯಿಂದ ಆ ಗೋಡೆಗೆ ತುಳುಕುತ್ತಿತ್ತು, ಆ ತುಳುಕಾಟವೇ ಕಿರುಚುತ್ತಿತ್ತು. ತಟ್ಟೆಯ ಮುಖಕ್ಕೇ ಗೋಡೆ ಕಟ್ಟಿ ಅದನ್ನು ಕೋಣೆ ಕೋಣೆಯಾಗಿ ಒಡೆದರೆ ಅಲೆಗೆ ಓಟವೇ ಸಿಗುವುದಿಲ್ಲ. ಟ್ಯಾಂಕರಿನಲ್ಲಿ ಕೂತೇ ತೊಡೆಯ ಮೇಲೆ ಕಾಗದವಿಟ್ಟು ನಿನಗೆ ಬರೆದೆ. ನೀನು ಮೊದಲು ಗೇಲಿ ಮಾಡಿದೆ. ಆಮೇಲೆ ಎತ್ತರ ಎಷ್ಟು, ಎಷ್ಟು ಗೋಡೆ, ಕರಗದಂತೆ ತಂಪು ಮಾಡುವುದು ಹೇಗೆ ಎಂದು ಪತ್ರದ ಮೇಲೆ ಪತ್ರ ಬರೆದೆ. ನಾನು ಲೆಕ್ಕ ಹಾಕಿ ಹಾಕಿ ಕಳಿಸಿದೆ.

ಸಮಿತಿಯ ಮುಂದೆ ನಿನ್ನ ಹೆಸರಿನಲ್ಲಿ ಇಟ್ಟದ್ದಕ್ಕೆ ನನ್ನ ಒಪ್ಪಿಗೆ ಇತ್ತು. ಅದನ್ನು ಅಲ್ಲಗಳೆಯುವುದಿಲ್ಲ. ‘ಹೆಂಡತಿ ಹೇಳಿದ್ದು ಅಂದರೆ ಇವರು ಇನ್ನೊಂದು ವರ್ಷ ಎಳೆಯುತ್ತಾರೆ, ಈಗ ಕೆಲಸ ಆಗಲಿ’ ಎಂದು ನೀನು ಬರೆದಿದ್ದೆ. ಆಗಲಿ ಎಂದೆ ನಾನು. ಎಂಜಿನ್ ಒಂದೇ ಸಮನೆ, ಒಂದೇ ದನಿಯಲ್ಲಿ, ಇಂಧನ ಮುಗಿಯುವವರೆಗೂ ಉರಿದ ದಿನ ನಾನು ಮರಳುಚೀಲದ ಹಿಂದೆ ಕೂತು ಅಳುತ್ತಿದ್ದೆ. ಬೆಸುಗೆಯವನೂ ಅಳುತ್ತಿದ್ದ. ಹೆಸರು ಯಾರದಾದರೇನು ಎಂದು ಆವತ್ತು ನಿಜವಾಗಿಯೂ ಅನ್ನಿಸಿತ್ತು.

ಆಮೇಲೆ ನೀನು ಭಾಷಣ ಮಾಡಲು ಕಲಿತೆ. ಒಂದು ಸಭೆಯಲ್ಲಿ ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. “ಒಂದಿನ ನಾನು ನೀರಿನ ಟ್ಯಾಂಕರಿನಲ್ಲಿ ಹೋಗ್ತಾ ಇದ್ದೆ,” ಎಂದು ನೀನು ಶುರುಮಾಡಿದೆ! ಗಾಡಿ ಹತ್ತಿದರೆ ವಾಂತಿ ಮಾಡಿಕೊಳ್ಳುವ ನೀನು, ಆ ಟ್ಯಾಂಕರಿನ ಮೆಟ್ಟಿಲನ್ನೂ ಮುಟ್ಟದ ನೀನು! ನಾನು ನಿನ್ನ ಕಣ್ಣನ್ನೇ ನೋಡುತ್ತಿದ್ದೆ. ಸುಳ್ಳು ಹೇಳುವಾಗ ನಿನ್ನ ರೆಪ್ಪೆ ಪಟಪಟ ಬಡಿದುಕೊಳ್ಳುತ್ತದೆ, ಅದು ನನಗೆ ಗೊತ್ತು. ಆವತ್ತು ಬಡಿದುಕೊಳ್ಳಲಿಲ್ಲ. ನೀನು ನಂಬಿಬಿಟ್ಟಿದ್ದೆ. ಸುಳ್ಳು ಹೇಳುವ ಗಂಡನ ಜೊತೆ ಜಗಳವಾಡಿಕೊಂಡು ಬದುಕಬಹುದಿತ್ತು. ನನ್ನ ನೆನಪನ್ನೇ ತನ್ನದೆಂದು ನಂಬಿದವನ ಜೊತೆ ಏನೆಂದು ಜಗಳವಾಡಲಿ? ನಾನು ಮನೆ ಬಿಟ್ಟದ್ದು ಯಾಕೆಂದು ನಮ್ಮ ಅತ್ತಿಗೆ ಇವತ್ತಿಗೂ ಊಹಿಸುತ್ತಲೇ ಇದ್ದಾಳೆ. ಇನ್ನು ಅವಳಿಗೂ ಹೇಳಬಹುದು.

ಈಗ ನಿನ್ನ ಪತ್ರಗಳ ವಿಷಯ. ನನ್ನ ಪತ್ರಗಳು ನಿನ್ನ ಹತ್ತಿರ ಇದ್ದವು, ನೀನು ಕತ್ತರಿಸಿ ಕೊಟ್ಟೆ. ನಿನ್ನ ಪತ್ರಗಳು ನನ್ನ ಹತ್ತಿರ ಇದ್ದವು, ನಾನು ಇಡಿಯಾಗಿ ಕೊಟ್ಟೆ. ಇಷ್ಟೇ ವ್ಯತ್ಯಾಸ.

ಕೊಡುವುದೇನೂ ಸುಲಭವಾಗಲಿಲ್ಲ. ದಾಖಲೆ ವಿಭಾಗದ ಮುಖ್ಯಸ್ಥರು, ಆ ನಯವಾದ ದನಿಯವರು, ನನ್ನನ್ನು ಕಚೇರಿಗೆ ಕರೆಸಿಕೊಂಡರು. ಸುತ್ತ ಉಕ್ಕಿನ ಕಪಾಟುಗಳು, ನಡುವೆ ಉದ್ದನೆ ಮೇಜು, ತಲೆಯ ಮೇಲೆ ಫ್ಯಾನು ಕಟಕಟ ಅನ್ನುತ್ತಿತ್ತು. ತಾಂತ್ರಿಕ ಭಾಗ ಮಾತ್ರ ಇಟ್ಟುಕೊಳ್ಳುತ್ತೇವೆ, ಮಿಕ್ಕದ್ದನ್ನು ನೀವೇ ಕತ್ತರಿಸಿ ಕೊಡಿ ಎಂದರು. “ಇದು ಇತಿಹಾಸದ ಕಡತ ಅಮ್ಮ, ಸಂಸಾರದ ಕಡತ ಅಲ್ಲ.”

ನಾನು ಕೈಗೆ ಸಿಕ್ಕ ಪತ್ರವೊಂದನ್ನು ಎತ್ತಿ, ನೀನು ನನಗಿಟ್ಟ ಅಡ್ಡಹೆಸರಿನಿಂದಲೇ ಶುರುಮಾಡಿ ಗಟ್ಟಿಯಾಗಿ ಓದಿದೆ. ‘ನನ್ನ ಸಿಡುಕಿಗೆ, ಹೊಟ್ಟೆನೋವು ಇನ್ನೂ ಬಿಟ್ಟಿಲ್ಲ, ಭಯಕ್ಕೋ ಏನೋ. ನೀನು ಬರೆದ ಗೋಡೆಗಳ ತುದಿ ಕರಗದೆಂದು ಹೇಗೆ ಹೇಳುತ್ತೀ? ನಾಳೆ ಆ ತಲೆನೋವಿನ ಅಧ್ಯಕ್ಷರು ಕೇಳಿದರೆ ನನ್ನ ಬಾಯಿ ಒಣಗುತ್ತದೆ. ಸಿಡುಕಬೇಡ, ಬೇಗ ಬರೆ, ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ?’

ಓದಿ, ಹಾಳೆಯನ್ನು ಅವರ ಮುಂದಿಟ್ಟೆ. ಎಲ್ಲಿ ಕತ್ತರಿಸಲಿ, ನೀವೇ ಗೆರೆ ಎಳೆಯಿರಿ ಎಂದೆ. ಪೆನ್ಸಿಲ್ ಮೊನೆಯನ್ನು ಸಾಲಿಂದ ಸಾಲಿಗೆ ಇಳಿಸಿದರು, ಗೆರೆ ಎಳೆಯಲಿಲ್ಲ. ಕನ್ನಡಕದ ಹುಡುಗಿ ಕಪಾಟಿನ ಕಡೆ ಮುಖ ತಿರುಗಿಸಿ ನಿಂತಿದ್ದಳು, ನಗು ತಡೆಯಲಾರದೆ ಭುಜ ಕುಲುಕುತ್ತಿತ್ತು.

ಆಗ ಅವರು ನಿನಗೆ ಫೋನು ಮಾಡಿದರು. ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದ್ದರೆಂದು ನಿನಗೆ ಗೊತ್ತಿರಲಿಕ್ಕಿಲ್ಲ. “ಅವಳಿಗೆ ವಯಸ್ಸಾಯ್ತು, ಯಾವುದೋ ಯಾವುದಕ್ಕೋ ಗಂಟು ಹಾಕ್ತಾಳೆ. ಪಾಪ, ಒಬ್ಬಳೇ ಇರ್ತಾಳಲ್ಲ,” ಎಂದೆ ನೀನು.

ಪಾಪ ಎಂದೆಯಲ್ಲ, ಅದೇ ನನಗೆ ಬಲ ಕೊಟ್ಟಿತು. ಅಲ್ಲಿಯವರೆಗೆ, ನಿನ್ನ ಹೊಟ್ಟೆನೋವಿನ ನಾಲ್ಕು ಪತ್ರ ಬೇಕಾದರೆ ಹಿಂದಿಟ್ಟುಕೊಳ್ಳೋಣ ಎಂದು ಒಳಗೊಳಗೇ ಕರಗುತ್ತಿದ್ದೆ. ಕರಗುವುದನ್ನು ನಿಲ್ಲಿಸಿದೆ. ಒಂದು ಬಿಳಿ ಹಾಳೆ ಕೇಳಿ ತೆಗೆದುಕೊಂಡೆ. ಎಲ್ಲರೂ ನೋಡುತ್ತಿರುವಂತೆಯೇ ತಟ್ಟೆಯನ್ನು ಬರೆದೆ, ಗೋಡೆಗಳನ್ನು ಇಳಿಬಿಟ್ಟೆ, ಗೋಡೆಯೊಳಗೆ ಇಂಧನ ಹರಿದು ತುದಿ ತಂಪಾಗುವ ದಾರಿ ಬರೆದೆ, ಅಳತೆ ಹಾಕಿದೆ. ನೀನು ಕತ್ತರಿಸಿದ ಹಾಳೆಯೊಂದನ್ನು ಹುಡುಗಿ ಪಕ್ಕದಲ್ಲಿಟ್ಟಳು. ಅದೇ ನೆಟ್ಟಗಿನ ಅಕ್ಷರ, ಅದೇ ಅಳತೆ.

“ಸಾರ್, ಆ ಚೀಟಿ ಹಾಗೇ ಇದ್ರೆ ನಾನು ಪಟ್ಟಿಗೆ ಸಹಿ ಹಾಕಲ್ಲ,” ಎಂದಳು ಅವಳು. ಕನ್ನಡಕ ಒರೆಸಿಕೊಳ್ಳದೆಯೇ ಹೇಳಿದಳು. ಮುಖ್ಯಸ್ಥರು ನಿಟ್ಟುಸಿರುಬಿಟ್ಟು ಪೆನ್ಸಿಲ್ ಕೆಳಗಿಟ್ಟರು. ಚೀಟಿ ಬದಲಾಯಿತು. ಚಿತ್ರಗಳು ನನ್ನವು, ಪ್ರಶ್ನೆಗಳು ನಿನ್ನವು ಎಂದು ಈಗ ಬರೆದಿದೆ. ಎರಡೂ ಒಂದೇ ಪೆಟ್ಟಿಗೆಯಲ್ಲಿವೆ. ನಾವಿಬ್ಬರು ಇಷ್ಟು ವರ್ಷಗಳಲ್ಲಿ ಒಂದೇ ಕಡೆ ಇರುವುದು ಅಲ್ಲಿ ಮಾತ್ರ.

ಕೋರ್ಟಿಗೆ ಹೋಗುತ್ತೇನೆ ಎಂದು ಹೆದರಿಸಿದ್ದೀಯ. ಧಾರಾಳವಾಗಿ ಹೋಗು. ನ್ಯಾಯಾಧೀಶರ ಮುಂದೆಯೂ ಗಟ್ಟಿಯಾಗಿಯೇ ಓದುತ್ತೇನೆ.

ಆದರೆ ಒಂದು ಮಾತು ಕೇಳು. ಭಯ, ಹೊಟ್ಟೆನೋವು, ‘ನನಗೆ ಏನೂ ತಿಳಿಯುತ್ತಿಲ್ಲ’ ಎಂದು ಬರೆದ ಸಾಲುಗಳು ನಿನಗೆ ಅವಮಾನವಂತೆ. ನಾನು ಅವನ್ನೆಲ್ಲ ಕೊಡುವ ಮೊದಲು ಮತ್ತೆ ಓದಿದೆ. ಆ ಮನುಷ್ಯ ನಿನ್ನ ಭಾಷಣದ ಮನುಷ್ಯನಿಗಿಂತ ಎಷ್ಟೋ ಪಾಲು ಮೇಲು. ತಿಳಿಯದಿದ್ದರೆ ಕೇಳುತ್ತಿದ್ದ. ತಪ್ಪಾದರೆ ಬೆಸುಗೆಯವನಿಗೆ ಪತ್ರ ಬರೆದು ಕ್ಷಮೆ ಕೇಳುತ್ತಿದ್ದ. ನಾನು ಮದುವೆಯಾದದ್ದು ಅವನನ್ನು. ಅವನನ್ನು ಕತ್ತರಿಸಿ ಎಸೆಯಲು ನಿನಗೂ ಬಿಡುವುದಿಲ್ಲ.

ಮುಂದಿನ ತಿಂಗಳ ಸಮಾರಂಭದಲ್ಲಿ ಮಾತಾಡುವಾಗ ಟ್ಯಾಂಕರಿನ ಕಥೆ ಸರಿಯಾಗಿ ಹೇಳು. ಸರಿಯಾಗಿ ಹೇಳಲು ಬಾರದಿದ್ದರೆ ಬಿಟ್ಟುಬಿಡು. ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ನುಂಗು.

ಇಂತಿ,
ಕೇಳಿದ್ದನ್ನು ಕೊಡದ, ಕಾನೂನಿನ ಪ್ರಕಾರ ಇನ್ನೂ ನಿನ್ನ ಹೆಂಡತಿಯಾಗಿರುವ,
ಸಿಡುಕಿ

ಮರೆತಿದ್ದೆ: ಬುಧವಾರ ಮನೆಗೆ ಬಂದು ಮುಖಾಮುಖಿ ಮಾತಾಡುತ್ತೇನೆ ಎಂದು ಬರೆದಿದ್ದೀಯ. ನಾನು ಮನೆಯಲ್ಲಿರುವುದಿಲ್ಲ. ಸಂಸ್ಥೆಯ ಹೊಸ ಹುಡುಗರು ಕಟ್ಟಿರುವ ದೊಡ್ಡ ಎಂಜಿನ್ ಕಿರುಚುತ್ತಿದೆಯಂತೆ. ದಾಖಲೆ ಕೊಠಡಿಗೆ ಬಂದು ಪತ್ರಗಳನ್ನು ಓದಿ, ನೇರ ನನ್ನ ಬಾಗಿಲು ತಟ್ಟಿದರು. ನಾಳೆಯಿಂದ ಕೆಲಸಕ್ಕೆ ಹೋಗುತ್ತಿದ್ದೇನೆ, ಸಲಹೆಗಾರಳಾಗಿ. ನನ್ನನ್ನು ನೋಡಲೇಬೇಕಿದ್ದರೆ ಅಲ್ಲಿಗೇ ಬಾ. ಈಗ ಕಾವಲು ಬಿಗಿ, ನಿನ್ನ ಕಾಲದವರು ಯಾರೂ ಇಲ್ಲ, ನಿನ್ನ ಗುರುತು ಹಿಡಿಯಲಿಕ್ಕಿಲ್ಲ. ಗೇಟಿನಲ್ಲಿ ನನ್ನ ಹೆಸರು ಹೇಳು. ಅವರ ಗಂಡ ಎಂದರೆ ಒಳಗೆ ಬಿಡುತ್ತಾರೆ.